ತಲೆ ದಣಿದಾಗ ಏನು ತಿನ್ನಬೇಕು? (ಮತ್ತೆ ಅದೇ ಪ್ರಶ್ನೆ)

“ದಿನವಿಡೀ ಎಸಿ ಆಫೀಸಿನಲ್ಲಿ ಕುರ್ಚಿಯ ಮೇಲೇ ಇರುತ್ತೇನೆ, ಒಂದು ಚೀಲ ಎತ್ತಿ ಇಟ್ಟದ್ದೂ ಇಲ್ಲ. ಆದರೂ ಸಂಜೆ ಆರಾಗುವಷ್ಟರಲ್ಲಿ ತಲೆ ಜಡ್ಡುಗಟ್ಟುತ್ತದೆ. ಮೇಲ್ ಎರಡು ಸಲ ಓದಿದರೂ ತಲೆಗೆ ಹೋಗುವುದಿಲ್ಲ, ಮನೆಗೆ ಬಂದಮೇಲೆ ಮಗ ಗಣಿತ ಕೇಳಿದರೆ ರೇಗಿಹೋಗುತ್ತದೆ. ಮಿದುಳಿಗೆ ಸಕ್ಕರೆ ಸಾಲದೆ ಹೀಗಾಗುತ್ತದಂತೆ, ಹೌದೇ? ಏನು ತಿಂದರೆ ಒಳ್ಳೆಯದು?”

ಮುಂಬಯಿ ಕಡೆಯ ನಮ್ಮ ಓದುಗರಲ್ಲಿ ಡೊಂಬಿವಲಿಯವರು ಕೇಳಿದರೂ ಇದೇ ಪ್ರಶ್ನೆ, ಮೀರಾ ರೋಡಿನವರು ಕೇಳಿದರೂ ಇದೇ. ಮುಲುಂಡಿನವರು ಕೇಳುವಾಗ ಸಕ್ಕರೆಯ ಜಾಗದಲ್ಲಿ ಬಾದಾಮಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಏನೂ ತಿನ್ನಬೇಕಾಗಿಲ್ಲ. ಹಸಿವಾಗಿದ್ದರೆ ಊಟ ಮಾಡಿ, ಅದು ಹೊಟ್ಟೆಯ ವಿಷಯ. ತಲೆಯ ದಣಿವಿಗೂ ಸಕ್ಕರೆ ಡಬ್ಬಿಗೂ ನೀವು ಕಟ್ಟಿರುವ ಸಂಬಂಧ ಲೆಕ್ಕಕ್ಕೆ ನಿಲ್ಲುವುದಿಲ್ಲ. ಲೆಕ್ಕಕ್ಕೆ ಎಂದರೆ ನಿಜವಾಗಿಯೂ ಲೆಕ್ಕಕ್ಕೆ. ಪೆನ್ನು ತೆಗೆದುಕೊಳ್ಳಿ.

ಮಿದುಳಿನ ತೂಕ ಸುಮಾರು 1.4 ಕಿಲೋ, ದೇಹದ ತೂಕದಲ್ಲಿ ಶೇ. 2ರಷ್ಟು. ಆದರೆ ಸುಮ್ಮನೆ ಕೂತ ದೇಹ ಸುಡುವ ಶಕ್ತಿಯಲ್ಲಿ ಶೇ. 20 ಇದರದೇ ಪಾಲು. ಈ ಎರಡನೇ ಅಂಕಿಯನ್ನು ಎಲ್ಲೋ ಓದಿಕೊಂಡೇ ಎಲ್ಲರೂ ಸಿಹಿಗೆ ಕೈಹಾಕುವುದು. ಮುಂದಿನ ಸಾಲನ್ನು ಯಾರೂ ಓದುವುದಿಲ್ಲ. ಮಿದುಳು ದಿನಕ್ಕೆ ಬಳಸುವ ಗ್ಲೂಕೋಸ್ 120 ಗ್ರಾಂ ಆಸುಪಾಸು. 24ರಿಂದ ಭಾಗಿಸಿದರೆ ಗಂಟೆಗೆ 5 ಗ್ರಾಂ, ಒಂದು ಟೀ ಚಮಚ. ಜಿಎಸ್‌ಟಿ ರಿಟರ್ನ್ ತುಂಬುತ್ತಿದ್ದರೂ ಹೆಚ್ಚುಕಡಿಮೆ ಅಷ್ಟೇ, ಗೋಡೆ ನೋಡುತ್ತ ಕೂತರೂ ಅಷ್ಟೇ. ಗಟ್ಟಿಯಾಗಿ ಯೋಚಿಸುವಾಗ ಮಿದುಳಿನ ಒಟ್ಟು ಖರ್ಚು ಏರುವುದು ನೂರಕ್ಕೆ ಕೆಲವೇ ಅಂಶ. ಧಾರಾಳವಾಗಿ ಶೇ. 5 ಎಂದೇ ಹಿಡಿಯಿರಿ. ಎಂಟು ಗಂಟೆಗೆ 40 ಗ್ರಾಂ, ಅದರ ಶೇ. 5 ಎಂದರೆ 2 ಗ್ರಾಂ. ಇಡೀ ದಿನ ತಲೆ ಚಚ್ಚಿಕೊಂಡದ್ದರ ಹೆಚ್ಚುವರಿ ಬಿಲ್ಲು ಅರ್ಧ ಚಮಚ ಸಕ್ಕರೆಗಿಂತ ಕಡಿಮೆ! ಸ್ಟೇಷನ್ ಹೊರಗಿನ ಒಂದು ಕಟಿಂಗ್ ಚಹಾದಲ್ಲಿ ಇದಕ್ಕಿಂತ ಹೆಚ್ಚು ಕರಗಿರುತ್ತದೆ.

ಇಲ್ಲಿ ಒಬ್ಬರಾದರೂ ಜಾಣರು ಏಳುತ್ತಾರೆ: “ರಕ್ತದಲ್ಲಿ ಇರುವುದೇ ಸ್ವಲ್ಪ ಸಕ್ಕರೆಯಲ್ಲವೇ?” ಹೌದು. ಐದು ಲೀಟರ್ ರಕ್ತದಲ್ಲಿ ಒಂದು ಹೊತ್ತಿಗೆ ಸುತ್ತುವ ಗ್ಲೂಕೋಸ್ ಒಂದು ಚಮಚದಷ್ಟೇ. ಆದರೆ ನಲ್ಲಿಯ ಪೈಪಿನಲ್ಲಿ ಒಂದು ಲೋಟ ನೀರಿದೆಯೆಂದು ಬಿಲ್ಡಿಂಗಿಗೆ ಬರಗಾಲ ಬಂದಿದೆ ಎನ್ನುತ್ತೀರಾ? ಟೆರೇಸಿನ ಮೇಲೆ ಟಾಂಕಿ ಇದೆ. ದೇಹದಲ್ಲಿ ಆ ಟಾಂಕಿ ಯಕೃತ್ತು. ಅಲ್ಲಿ ಸುಮಾರು 100 ಗ್ರಾಂ ಗ್ಲೈಕೊಜೆನ್, ಎಂದರೆ ಗಂಟು ಕಟ್ಟಿಟ್ಟ ಗ್ಲೂಕೋಸ್, ಕೂಡಿಟ್ಟಿರುತ್ತದೆ. ರಕ್ತದ ಮಟ್ಟ ಇಳಿಯಲು ಶುರುವಾದರೆ ಸಾಕು, ಅಳೆದು ಬಿಡುತ್ತದೆ. ಅದು ಮುಗಿಯುವ ಹೊತ್ತಿಗೆ ಬೇರೆ ವಸ್ತುಗಳಿಂದ ಹೊಸದಾಗಿ ತಯಾರಿಸಲೂ ಬರುತ್ತದೆ. ಹೀಗಾಗಿಯೇ ಆರೋಗ್ಯವಂತರಲ್ಲಿ ರಾತ್ರಿಯಿಡೀ ಏನೂ ತಿನ್ನದೆ ಎದ್ದರೂ ಮಟ್ಟ ಡೆಸಿಲೀಟರಿಗೆ 70ರಿಂದ 100 ಮಿಲಿಗ್ರಾಂ ನಡುವೆ ನಿಂತಿರುತ್ತದೆ. ಏಕಾದಶಿ ಉಪವಾಸ ಮಾಡಿ ಗಲ್ಲೆಯಲ್ಲಿ ಕೂತ ಹೋಟೆಲ್ ಯಜಮಾನರು ಚಿಲ್ಲರೆ ತಪ್ಪಿ ಕೊಟ್ಟದ್ದನ್ನು ನೋಡಿದ್ದೀರಾ?

ಈ ಸಕ್ಕರೆ ಕಥೆಗೆ ವಿಜ್ಞಾನದ ಅಂಗಿ ತೊಡಿಸಿದ್ದೂ ಉಂಟು. 1998ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು, ಮನೋಬಲ ಎಂಬುದು ಬಳಸಿದಷ್ಟೂ ಕರಗುವ ದಾಸ್ತಾನು ಎಂದರು. 2007ರಲ್ಲಿ ಅದೇ ಬಳಗ, ಆ ದಾಸ್ತಾನು ಗ್ಲೂಕೋಸೇ ಇರಬೇಕು, ಸಕ್ಕರೆ ಹಾಕಿದ ಲಿಂಬೆ ಪಾನಕ ಕುಡಿಸಿದರೆ ಚೇತರಿಸುತ್ತದೆ ಎಂದಿತು. ಪತ್ರಿಕೆಗಳು ಕುಣಿದಾಡಿದವು. ಆಮೇಲೆ ಬೇರೆಯವರು ಒಂದು ಸಣ್ಣ ಕಿತಾಪತಿ ಮಾಡಿದರು: ಸಿಹಿ ನೀರನ್ನು ನುಂಗಬೇಡಿ, ಬಾಯಿ ಮುಕ್ಕಳಿಸಿ ಉಗುಳಿ ಎಂದರು. ಉಗುಳಿದವರೂ ಚುರುಕಾದರು! ಒಂದು ಗ್ರಾಂ ಕೂಡ ರಕ್ತ ಸೇರದೆ ಚುರುಕು ಬಂದಿದ್ದರೆ ಅದು ಇಂಧನವಲ್ಲ. ನಾಲಿಗೆಗೆ ಸಿಹಿ ತಗಲಿದಾಗ ‘ಏನೋ ಲಾಭವಿದೆ, ಮುಂದುವರಿ’ ಎಂದು ಮಿದುಳು ತನಗೆ ತಾನೇ ಹೇಳಿಕೊಂಡದ್ದು. 2016ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ, ಮನೋಬಲ ಕರಗುತ್ತದೆ ಎಂಬ ಆ ಮೂಲ ಮಾತನ್ನೇ ಮತ್ತೆ ಪರೀಕ್ಷಿಸಿದಾಗ ಪರಿಣಾಮ ಸೊನ್ನೆಯ ಹತ್ತಿರ ಬಂತು. 2019ರಲ್ಲಿ ಹಳೆಯ ಮೂವತ್ತೊಂದು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರಿಗೆ, ಸಕ್ಕರೆ ತಿಂದ ಮೊದಲ ಒಂದು ಗಂಟೆಯಲ್ಲಿ ಜನ ಇನ್ನಷ್ಟು ದಣಿದಿದ್ದು, ಎಚ್ಚರ ಕಡಿಮೆಯಾಗಿದ್ದು ಕಂಡಿತು. ಉತ್ಸಾಹ ಏರಿದ್ದು ಮಾತ್ರ ಕಾಣಲಿಲ್ಲ.

ಆದರೂ ನಂಬಿಕೆ ಸಾಯುವುದಿಲ್ಲ, ಅದರಲ್ಲೂ ಮುಂಬಯಿಯಲ್ಲಿ. ವಿಲೆ ಪಾರ್ಲೆಯ ಕಾರ್ಖಾನೆ 2016ರಲ್ಲಿ ಮುಚ್ಚುವವರೆಗೂ ಲೋಕಲ್‌ನ ಕಿಟಕಿಗೆ ಬಿಸ್ಕತ್ತಿನ ಪರಿಮಳ ಬರುತ್ತಿದ್ದ ಊರು ಇದು, ಪಾರ್ಲೆ-ಜಿ ಪೊಟ್ಟಣದ ಮೇಲಿನ ‘ಜಿ’ ಗ್ಲೂಕೋಸಿನ ‘ಜಿ’. ಎಸ್‌ಎಸ್‌ಸಿ ಪರೀಕ್ಷೆಗೆ ಹೋಗುವ ಮಗುವಿನ ಬಾಟಲಿಯಲ್ಲಿ ಈಗಲೂ ಗ್ಲೂಕೋಸ್ ಪುಡಿ ಕಲಸಿರುತ್ತದೆ. ಅಂಗೈಗೆ ಹಾಕುವ ಮೊಸರು-ಸಕ್ಕರೆಯ ತಂಟೆಗೆ ನಾನು ಬರುವುದಿಲ್ಲ, ಅದು ಶುಭಶಕುನ. ಬಾಟಲಿಯಲ್ಲಿ ಮಾತ್ರ ಬರೀ ನೀರು ಹಾಕಿ. ಮಾರ್ಚ್ ತಿಂಗಳ ಸೆಕೆಯಲ್ಲಿ ಅದರಿಂದ ನಿಜವಾದ ಉಪಯೋಗವಿದೆ: ಬೆವರಿನಲ್ಲಿ ದೇಹತೂಕದ ಶೇ. 2ರಷ್ಟು ನೀರು ಹೋದರೆ ಗಮನ ತಪ್ಪಲು ಶುರುವಾಗುತ್ತದೆ.

“ಆದರೆ ನಾಲ್ಕು ಗಂಟೆಗೆ ಸಿಹಿ ಚಹಾ ಕುಡಿದರೆ ನನಗೆ ಸರಿಹೋಗುತ್ತದಲ್ಲ!” ಹೋಗುತ್ತದೆ, ಯಾರು ಇಲ್ಲವೆಂದರು? ನೀವು ಎದ್ದಿರಿ, ಮೆಟ್ಟಿಲಿಳಿದಿರಿ, ಕಣ್ಣು ಪರದೆ ಬಿಟ್ಟು ಬೀದಿ ನೋಡಿತು, ಇನ್ನೊಬ್ಬರ ಜೊತೆ ಮ್ಯಾನೇಜರನ್ನು ಬೈದಿರಿ, ಹತ್ತು ನಿಮಿಷ ಕಳೆಯಿತು, ಮೇಲೆ ಒಂದಿಷ್ಟು ಕೆಫೀನು. ಇಷ್ಟು ಜನ ಕೂಡಿ ಎಳೆದ ತೇರಿನ ಬಾವುಟವನ್ನು ಸಕ್ಕರೆಯ ಕೈಗೆ ಕೊಡುತ್ತೀರಿ. ಒಂದು ವಾರ ಸಕ್ಕರೆಯಿಲ್ಲದ ಚಹಾ ಕುಡಿಯುತ್ತ ಅದೇ ಮೆಟ್ಟಿಲು ಇಳಿದು ನೋಡಿ.

ಒಂದೇ ಒಂದು ವಿನಾಯಿತಿಯಿದೆ, ಇದನ್ನು ಹಾಸ್ಯ ಮಾಡದೆ ಹೇಳುತ್ತೇನೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಊಟ ತಡವಾದರೆ ಸಕ್ಕರೆ ಮಟ್ಟ 70ಕ್ಕಿಂತ ಕೆಳಗೆ ಇಳಿಯಬಹುದು. ತಣ್ಣನೆ ಬೆವರು, ಕೈನಡುಕ, ಎದೆಬಡಿತ, ಮಾತು ತೊದಲುವುದು ಇದರ ಗುರುತು. ಆಗ ಮೂರು ಚಮಚ, ಅಂದರೆ 15 ಗ್ರಾಂ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ಅಳೆಯಬೇಕು, ಏರಿಲ್ಲದಿದ್ದರೆ ಇನ್ನೊಮ್ಮೆ. ಅವರ ಚೀಲದಲ್ಲಿ ಸಕ್ಕರೆ ಇರಲೇಬೇಕು.

ಹಾಗಾದರೆ ದಣಿವೆಂದರೆ ಏನು? ಹಣೆಯ ಹಿಂದಿನ ಮಿದುಳಿನ ಭಾಗದ ಕೆಲಸ ‘ಬೇಡ’ ಎನ್ನುವುದು: ಪಕ್ಕದ ಮೇಜಿನ ಮಾತು ಕೇಳಬೇಡ, ಫೋನ್ ಮುಟ್ಟಬೇಡ, ಗ್ರಾಹಕನಿಗೆ ತಿರುಗಿ ಬೈಯಬೇಡ. ಈ ತಡೆಯುವ ಕೆಲಸವೇ ದಣಿಸುತ್ತದೆ. 2022ರಲ್ಲಿ ಪ್ಯಾರಿಸಿನ ಸಂಶೋಧಕರು ಆರು ಗಂಟೆಗೂ ಹೆಚ್ಚು ಕಾಲ ಕಷ್ಟದ ಕೆಲಸ ಕೊಟ್ಟು ನೋಡಿದಾಗ ಆ ಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಕೂಡಿಕೊಂಡಿತ್ತು, ಮತ್ತು ಆ ಜನ ದೊಡ್ಡ ಲಾಭಕ್ಕೆ ಕಾಯುವ ಬದಲು ಈಗಲೇ ಕೈಗೆ ಸಿಗುವ ಸಣ್ಣದನ್ನು ಆರಿಸಿಕೊಳ್ಳತೊಡಗಿದ್ದರು. ಸಂಜೆ ಏಳಕ್ಕೆ ಡಬ್ಬಿಯಲ್ಲಿ ಮನೆಯ ಉಪ್ಪಿಟ್ಟಿದ್ದರೂ ವಡಾಪಾವ್ ಏಕೆ ಬೇಕೆನಿಸುತ್ತದೆ ಎಂಬುದಕ್ಕೆ ಸುಳಿವು ಇಲ್ಲಿದೆ. ಖಾಲಿಯಾದ ಲಕ್ಷಣಕ್ಕಿಂತ ಕಸ ತುಂಬಿದ ಲಕ್ಷಣ ಹೆಚ್ಚು, ಮತ್ತು ಕಸ ತುಂಬಿದ ಬುಟ್ಟಿಗೆ ಪೇಡಾ ಹಾಕಿ ಪ್ರಯೋಜನವಿಲ್ಲ.

ಇನ್ನು ಮಾಡಬೇಕಾದದ್ದು. ತಡೆಯುವ, ತೂಗುವ ಕೆಲಸವನ್ನು, ಎಂದರೆ ಲೆಕ್ಕ ತಾಳೆ, ಕರಾರು ಓದುವುದು, ಕಷ್ಟದ ಮೇಲ್ ಬರೆಯುವುದು ಇವನ್ನು, ದಿನದ ಮೊದಲ ಎರಡು ಮೂರು ಗಂಟೆಗೆ ತನ್ನಿ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಊಟ ಮಾಡದಿದ್ದರೂ ಎಚ್ಚರ ಇಳಿಯುವುದು ದೇಹದ ಗಡಿಯಾರದ ಸ್ವಭಾವ. ಆ ಹೊತ್ತಿಗೆ ಫೈಲಿಂಗ್, ಫೋನು, ರಸೀದಿ ಇಟ್ಟುಕೊಳ್ಳಿ. ಒಂದು ಕೆಲಸ ಅರ್ಧದಲ್ಲಿ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹಳೆಯದರ ತುಣುಕು ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ. ಅದಕ್ಕೆ ಮದ್ದು ಒಂದು ಸಾಲು: ‘ಮೂರನೇ ಶೀಟು, 41ನೇ ಸಾಲಿನಿಂದ ಮುಂದುವರಿಸಬೇಕು’ ಎಂದು ಬರೆದಿಟ್ಟು ಎದ್ದುಹೋಗಿ. ಆಫೀಸು ಬಿಡುವಾಗಲೂ ಇದೇ, ಮೂರು ನಿಮಿಷ ಸಾಕು. ಬರೆಯದೆ ಬಂದವರೇ ಕಲ್ಯಾಣ್ ಫಾಸ್ಟ್‌ನಲ್ಲಿ ನೇತಾಡಿಕೊಂಡು ಆಫೀಸು ನಡೆಸುವವರು.

ವಿರಾಮವೆಂದರೆ ಫೋನ್ ತೆಗೆಯುವುದಲ್ಲ. ಪ್ರತಿ ಮೂವತ್ತು ಸೆಕೆಂಡಿಗೆ ಒಂದು ವಿಡಿಯೋ ನೋಡಲೋ ತಳ್ಳಲೋ ಎಂದು ತೀರ್ಮಾನಿಸುತ್ತ ಕೂತರೆ ಆ ‘ಬೇಡ’ ಎನ್ನುವ ಭಾಗಕ್ಕೆ ಓವರ್‌ಟೈಮ್. ಮಾಟುಂಗಾದಲ್ಲಿ ಕೆಲಸವಿರುವವರಿಗೆ ಫೈವ್ ಗಾರ್ಡನ್ಸ್ ಇದೆ, ದಾದರಿನವರಿಗೆ ಶಿವಾಜಿ ಪಾರ್ಕ್; ಹತ್ತು ನಿಮಿಷ ಮರ ನೋಡುತ್ತ ನಡೆಯಿರಿ. ಅದೂ ಇಲ್ಲದವರು ಕಿಟಕಿಯಾಚೆ ದೂರಕ್ಕೆ ನೋಡಲಿ.

ಕಾಫಿ. ದಿನವಿಡೀ ಎಚ್ಚರವಿದ್ದ ಮಿದುಳಿನಲ್ಲಿ ಅಡೆನೊಸಿನ್ ಎಂಬುದು ಕೂಡಿಕೊಳ್ಳುತ್ತ ನಿದ್ದೆಯ ಒತ್ತಡ ತರುತ್ತದೆ. ಕೆಫೀನು ಅದು ಕೂರಬೇಕಾದ ಕುರ್ಚಿಯಲ್ಲಿ ತಾನು ಕೂರುತ್ತದೆ, ಲೋಕಲ್‌ನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿದ ಹಾಗೆ. ದಣಿವು ನಿಂತೇ ಇರುತ್ತದೆ, ಕೂರಲು ಜಾಗವಿಲ್ಲ ಅಷ್ಟೇ. ಕುಡಿದ ಕೆಫೀನು ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ಸಂಜೆ ಆರಕ್ಕೆ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಒಂದು ಫಿಲ್ಟರ್ ಕಾಫಿ ಕುಡಿದರೆ ರಾತ್ರಿ ಹನ್ನೊಂದಕ್ಕೆ ಅರ್ಧ ಕಾಫಿ ಕುಡಿದು ಮಲಗಿದ ಲೆಕ್ಕ. ಕಾಫಿ ಬೇಡವೆಂದು ನಾನು ಯಾಕೆ ಹೇಳಲಿ, ಪಾಪ ಬೇಡ. ಮೂರು ಗಂಟೆಯ ಒಳಗೆ ಮುಗಿಸಿ.

ಸೀಟು ಸಿಕ್ಕಿದ ಭಾಗ್ಯವಂತರಿಗೆ ಒಂದು ಮಾತು. ಬೆಳಗಿನ ಗಾಡಿಯಲ್ಲಿ ಹದಿನೈದು ಇಪ್ಪತ್ತು ನಿಮಿಷದ ಕಣ್ಣುಮುಚ್ಚಾಟಕ್ಕೆ ಅಡ್ಡಿಯಿಲ್ಲ. ರಾತ್ರಿ ಎಂಟೂವರೆಯ ಗಾಡಿಯಲ್ಲಿ ಕುರ್ಲಾದಿಂದ ಡೊಂಬಿವಲಿಯವರೆಗೆ ಗೊರಕೆ ಹೊಡೆದರೆ ಕೂಡಿಟ್ಟ ನಿದ್ದೆಯ ಒತ್ತಡ ಅಲ್ಲೇ ಖರ್ಚಾಗಿ, ಮನೆಯಲ್ಲಿ ಹನ್ನೆರಡಾದರೂ ಕಣ್ಣು ಹತ್ತುವುದಿಲ್ಲ. ಮುಂಜಾನೆ ಐದೂವರೆಗೆ ಹೇಗೂ ಏಳಬೇಕು, ನೀರು ಬರುತ್ತದೆ. ದಿನಕ್ಕೆ ಆರು ಗಂಟೆ ನಿದ್ದೆಯಲ್ಲಿ ಎರಡು ವಾರ ಕಳೆದವರ ಗಮನ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಿದ್ದಿತ್ತು ಎಂದು 2003ರ ಒಂದು ಪ್ರಸಿದ್ಧ ಪ್ರಯೋಗ ತೋರಿಸಿತು. ಅದಕ್ಕಿಂತ ಕಳವಳದ ವಿಷಯ, ಅವರಲ್ಲಿ ಬಹುಪಾಲು ಜನಕ್ಕೆ ತಾವು ಅಷ್ಟು ಕೆಟ್ಟಿದ್ದೇವೆ ಎಂದು ಗೊತ್ತೇ ಆಗಿರಲಿಲ್ಲ. ‘ನನಗೆ ಆರು ಗಂಟೆ ಸಾಕು’ ಎನ್ನುವವರ ಸಾಕ್ಷ್ಯವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಭಾನುವಾರ ಚೆನ್ನಾಗಿ ಮಲಗಿ ಎದ್ದರೂ ಹಗುರಾಗದಿದ್ದರೆ, ಮೂರು ನಾಲ್ಕು ವಾರ ಹೀಗೇ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ: ಹಿಮೊಗ್ಲೋಬಿನ್ (ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕೆಳಗಿದ್ದರೆ ರಕ್ತಹೀನತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಮತ್ತು ಸಸ್ಯಾಹಾರಿಗಳು ತಪ್ಪದೆ ಬಿ12. ಜೋರು ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದರೆ ಅದನ್ನೂ ವೈದ್ಯರಿಗೆ ಹೇಳಿ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿಯೇ ಇಲ್ಲ ಎನ್ನುವುದು ದಣಿವಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಖಿನ್ನತೆ ಇರಬಹುದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ.

ಕೊನೆಗೆ ಯಾರೂ ಕೇಳದ ಒಂದು ಪ್ರಶ್ನೆ, ಕೇಳಬೇಕಿತ್ತು ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ತುಳು ಅಥವಾ ಕನ್ನಡ, ಸೊಸೈಟಿಯಲ್ಲಿ ಮರಾಠಿ, ರಿಕ್ಷಾದವನೊಡನೆ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು. ನಾಲ್ಕು ಭಾಷೆಯ ನಡುವೆ ಓಡಾಡಿ ನಮ್ಮ ತಲೆ ಹೆಚ್ಚು ದಣಿಯುತ್ತದೆಯೇ? ಪ್ರಯೋಗಗಳಲ್ಲಿ ಆಜ್ಞೆ ಕೊಟ್ಟು ಭಾಷೆ ಬದಲಿಸುವಂತೆ ಮಾಡಿದಾಗ ಬೆಲೆ ತೆರಬೇಕಾಗುತ್ತದೆ, ಅದೂ ವಿಚಿತ್ರವಾಗಿ: ಎರಡನೇ ಭಾಷೆಯಿಂದ ತಾಯಿನುಡಿಗೆ ಮರಳುವಾಗಲೇ ಹೆಚ್ಚು ತಡವರಿಸುತ್ತೇವೆ. ಇಂಗ್ಲಿಷ್ ಮಾತಾಡಲು ಕನ್ನಡವನ್ನು ಗಟ್ಟಿಯಾಗಿ ಅದುಮಿಟ್ಟಿರುತ್ತೇವಲ್ಲ, ಅದನ್ನು ಮತ್ತೆ ಎಬ್ಬಿಸಲು ಹೊತ್ತು ಹಿಡಿಯುತ್ತದೆ. ಸಂಜೆ ಮನೆಗೆ ಬಂದು ಮೊದಲ ಹತ್ತು ನಿಮಿಷ ‘ಅದು… ಏನಂತಾರೆ…’ ಎನ್ನುವವರು ಇನ್ನು ನಾಚಿಕೊಳ್ಳಬೇಕಾಗಿಲ್ಲ. ಆದರೆ ಇಷ್ಟಬಂದ ಕಡೆ ಇಷ್ಟಬಂದ ಪದ ಬೆರೆಸಿ, ‘ಅರೆ, ಪಾಣಿ ಬಂತಾ, ಟಾಂಕಿ ಭರಲಿ’ ಎಂದು ನಮ್ಮಂತೆ ಮಾತಾಡುವವರಿಗೆ ಆ ಬೆಲೆ ಬಹುಮಟ್ಟಿಗೆ ಇಲ್ಲ. ಬೆರಕೆ ಕನ್ನಡವೆಂದು ಊರಿನ ನೆಂಟರು ಮೂಗು ಮುರಿದರೆ ಮುರಿಯಲಿ, ಅದು ಮಿತವ್ಯಯ.

ನಿಜವಾಗಿ ಅರೆಯುವುದು ಭಾಷಾಂತರ. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರರ ಮರಾಠಿಯನ್ನು ಕನ್ನಡಕ್ಕೂ ಅತ್ತೆಯ ಕುಂದಾಪುರ ಕನ್ನಡವನ್ನು ಮರಾಠಿಗೂ ದಾಟಿಸುತ್ತ ಒಂದು ಗಂಟೆ ನಿಂತ ಸೊಸೆ ಮನೆಗೆ ಬಂದು ಮಲಗಿಬಿಟ್ಟರೆ ಅದು ನಾಟಕವಲ್ಲ. ಅಂತಾರಾಷ್ಟ್ರೀಯ ಸಭೆಗಳಲ್ಲಿ ಕೇಳುತ್ತಲೇ ಭಾಷಾಂತರಿಸುವ ವೃತ್ತಿಪರರು ಒಬ್ಬರೇ ಕೂರುವುದಿಲ್ಲ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಮೈಕು ಬಿಟ್ಟುಕೊಡುತ್ತಾರೆ. ಮುಂದಿನ ಅಪಾಯಿಂಟ್‌ಮೆಂಟಿಗೆ ಮಗನೂ ಜೊತೆಗೆ ಹೋಗಲಿ, ಅರ್ಧ ಗಂಟೆಯಾದಮೇಲೆ ಅವನು ಮಾತಾಡಲಿ.