ಏಸ್ ಅಟಾರ್ನಿ: 11 ಆಟಗಳಲ್ಲಿ ಯಾವುದನ್ನು ಆಡಲಿ, ಯಾವುದನ್ನು ಬಿಡಲಿ?

ಪ್ರಶ್ನೆ: ಪತ್ತೇದಾರಿ ಕತೆಗಳೆಂದರೆ ನನಗೆ ಪ್ರಾಣ. ವಕೀಲನ ಪಾತ್ರ ವಹಿಸಿ ಕೋರ್ಟಿನಲ್ಲಿ ವಾದಿಸುವ ‘ಏಸ್ ಅಟಾರ್ನಿ’ ವಿಡಿಯೊ ಗೇಮ್ ಸರಣಿಯನ್ನು ಆಡಬೇಕೆಂದಿದ್ದೇನೆ. ಹುಡುಕಿ ನೋಡಿದರೆ 11 ಆಟಗಳಿವೆ, ಅವುಗಳಲ್ಲಿ ಹೆಚ್ಚಿನವು ನಾಲ್ಕು ಸಂಕಲನಗಳಾಗಿ ಬಂದಿವೆ. ಅಷ್ಟನ್ನೂ ಆಡುವಷ್ಟು ಬಿಡುವು ನನಗಿಲ್ಲ. ಚೆನ್ನಾಗಿರುವುದನ್ನಷ್ಟೇ ಆರಿಸಿಕೊಂಡು ಆಡಿದರೆ ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಆದರೆ ಆರಿಸುವಾಗ ಬಿಡಿ ಆಟಗಳನ್ನು ಹೆಕ್ಕಬೇಡಿ, ಗೊಂಚಲನ್ನೇ ಆರಿಸಿ. ಮೊದಲ ಮೂರು ಆಟಗಳು ಒಂದೇ ಕಾದಂಬರಿಯ ಮೂರು ಸಂಪುಟಗಳಿದ್ದಂತೆ. ಅವನ್ನು ಸಾಲಾಗಿ ಆಡಿ. ಅಲ್ಲಿಗೇ ನಿಲ್ಲಿಸಿದರೂ ನಿಮಗೆ ನಷ್ಟವಿಲ್ಲ. ಮುಂದೆ ಯಾವುದು ಎಂಬುದನ್ನು ಆ ಮೂರರಲ್ಲಿ ನಿಮಗೆ ಏನು ಹಿಡಿಸಿತು ಎಂದು ನೋಡಿಕೊಂಡು ತೀರ್ಮಾನಿಸಬಹುದು.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ನಾನೇ ಮಾಡಿಕೊಂಡ ಎಡವಟ್ಟು ಕಾರಣ. ಎರಡನೆಯ ಆಟ ಸಪ್ಪೆ ಎಂದು ಯಾರೋ ಹೇಳಿದ್ದನ್ನು ನಂಬಿ, ಮೊದಲನೆಯದು ಮುಗಿದೊಡನೆ ಮೂರನೆಯದಕ್ಕೆ ಹಾರಿದ್ದೆ. ಮೂರನೆಯದರ ಕೊನೆಯ ಮೊಕದ್ದಮೆಯಲ್ಲಿ ಒಂದು ಹೆಸರು ಕೇಳಿ ಕೋರ್ಟಿಗೆ ಕೋರ್ಟೇ ಬೆಚ್ಚಿಬಿದ್ದಾಗ, ನಾನು ಮಾತ್ರ ‘ಇವರು ಯಾರು?’ ಎಂದು ಬಾಯಿ ಬಿಟ್ಟುಕೊಂಡು ಕುಳಿತಿದ್ದೆ. ನಾನು ಬಿಟ್ಟ ಆಟದಲ್ಲೇ ಆ ಹೆಸರಿನ ಬೀಜ ಬಿತ್ತಿಯಾಗಿತ್ತು. ಆಮೇಲೆ ಹಿಂದಕ್ಕೆ ಹೋಗಿ ಎರಡನೆಯದನ್ನು ಆಡಿದೆ ನಿಜ. ಆದರೆ ಒಮ್ಮೆ ತಿಳಿದ ಗುಟ್ಟನ್ನು ಮರಳಿ ತಿಳಿಯದಂತೆ ಮಾಡಿಕೊಳ್ಳುವುದು ಹೇಗೆ?

ಆಟದ ರೀತಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಾಕ್ಷಿ ಕಟಕಟೆಗೆ ಬಂದು ಹೇಳಿಕೆ ಕೊಡುತ್ತಾನೆ. ಅದರ ಒಂದೊಂದು ವಾಕ್ಯವನ್ನೂ ಹಿಡಿದು ನೀವು ಪಾಟೀಸವಾಲು ಮಾಡಬೇಕು. ಅನುಮಾನ ಬಂದಲ್ಲಿ ಒತ್ತಿ ಕೇಳಬಹುದು. ಸುಳ್ಳು ಕಂಡಲ್ಲಿ ಕಡತದಿಂದ ಸರಿಯಾದ ಪುರಾವೆ ತೆಗೆದು ಮುಖಕ್ಕೆ ಹಿಡಿಯಬೇಕು. ಮೊಟ್ಟಮೊದಲ ಮೊಕದ್ದಮೆಯನ್ನೇ ನೋಡಿ: ಮಧ್ಯಾಹ್ನ 1 ಗಂಟೆಗೆ ಶವವನ್ನು ಕಂಡೆ ಎಂದು ಸಾಕ್ಷಿ ಹೇಳುತ್ತಾನೆ. ಸಾವು ಸಂಭವಿಸಿದ್ದು 4 ಗಂಟೆಯ ನಂತರ ಎಂದು ಮರಣೋತ್ತರ ಪರೀಕ್ಷೆಯ ವರದಿ ಹೇಳುತ್ತದೆ. ‘ಆಕ್ಷೇಪಣೆ!’ ಎಂದು ನೀವು ಎದ್ದು ನಿಂತೊಡನೆ ಅವನು ಬೆವರುತ್ತಾನೆ, ಟಿವಿಯಲ್ಲಿ ಹೊತ್ತು ಹೇಳಿದ್ದು ಕೇಳಿಸಿತು ಎಂದು ಇನ್ನೊಂದು ಸುಳ್ಳು ಹೊಸೆಯುತ್ತಾನೆ. ಆ ಹೊತ್ತಿನಲ್ಲಿ ಆ ಕಟ್ಟಡದಲ್ಲಿ ಕರೆಂಟೇ ಇರಲಿಲ್ಲ ಎಂಬ ದಾಖಲೆ ನಿಮ್ಮ ಕಡತದಲ್ಲಿರುತ್ತದೆ. ಸುಳ್ಳುಗಾರನನ್ನು ಅವನ ಸುಳ್ಳಿನ ಹಗ್ಗದಿಂದಲೇ ಕಟ್ಟಿಹಾಕುವ ಈ ಸುಖವೇ ಸರಣಿಯ ಜೀವಾಳ. ಜಪಾನಿನಲ್ಲಿ ಇದರ ಹೆಸರು ‘ಗ್ಯಾಕುತೆನ್ ಸೈಬಾನ್’. ಗ್ಯಾಕುತೆನ್ ಎಂದರೆ ಎಲ್ಲವೂ ತಲೆಕೆಳಗಾಗುವುದು, ಸೈಬಾನ್ ಎಂದರೆ ವಿಚಾರಣೆ.

ಕ್ಯಾಪ್‌ಕಾಮ್ ಸಂಸ್ಥೆಯ ಷು ತಕುಮಿ ಬರೆದು ನಿರ್ದೇಶಿಸಿದ ಮೊದಲ ಆಟ 2001ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂತು. ಇದರಲ್ಲಿ ಕಾನೂನು ಕಲಿಯಲು ಹೊರಟರೆ ಕೆಟ್ಟಿರಿ. ಕೊಲೆ ಮೊಕದ್ದಮೆ ಮೂರೇ ದಿನದಲ್ಲಿ ಮುಗಿಯಬೇಕು, ಆರೋಪಿ ನಿರಪರಾಧಿ ಎಂದು ತೋರಿಸಲು ವಕೀಲನೇ ನಿಜವಾದ ಕೊಲೆಗಾರನನ್ನು ಹಿಡಿದು ತರಬೇಕು, ಸರ್ಕಾರಿ ವಕೀಲೆ ಚಾಟಿ ಬೀಸಿ ನ್ಯಾಯಾಧೀಶರಿಗೇ ಬಾರಿಸಬಹುದು. ಹಾಗೆಂದು ಇದೆಲ್ಲ ಬರೀ ಹುಚ್ಚಾಟವೂ ಅಲ್ಲ. ಜಪಾನಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚಿನವು ಶಿಕ್ಷೆಯಲ್ಲೇ ಮುಗಿಯುತ್ತವೆ. ಕಟಕಟೆಗೆ ಬಂದವನು ಅಪರಾಧಿಯೇ ಎಂದು ಎಲ್ಲರೂ ಮೊದಲೇ ನಂಬಿ ಕುಳಿತಿರುವ ಕೋರ್ಟು ಆಟದಲ್ಲಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ತಮಾಷೆಯ ಮೊನೆ ಚುಚ್ಚುತ್ತದೆ. ಇಂಗ್ಲಿಷ್ ಅನುವಾದದಲ್ಲಿ ಕತೆ ಲಾಸ್ ಏಂಜಲೀಸ್‌ಗೆ ವರ್ಗವಾಯಿತು. ರ‍್ಯೂಯಿಚಿ ನರುಹೊದೊ ಎಂಬ ವಕೀಲ ಫೀನಿಕ್ಸ್ ರೈಟ್ ಆದ.

ಈಗ ಆ ಮೂರರ ವಿಚಾರ. 2019ರಲ್ಲಿ ಬಂದ ‘ಫೀನಿಕ್ಸ್ ರೈಟ್: ಏಸ್ ಅಟಾರ್ನಿ ಟ್ರಿಲಜಿ’ ಸಂಕಲನದಲ್ಲಿ ಮೂರೂ ಸೇರಿವೆ, ಒಟ್ಟು 14 ಮೊಕದ್ದಮೆಗಳು. ಓದುವ ವೇಗಕ್ಕೆ ತಕ್ಕಂತೆ ಒಂದೊಂದು ಆಟಕ್ಕೆ 20 ಗಂಟೆಯ ಆಸುಪಾಸು ಹಿಡಿಯುತ್ತದೆ. ಇಡೀ ಸರಣಿ ನಿಮಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದು ಮೊದಲ ಆಟದ ನಾಲ್ಕನೇ ಮೊಕದ್ದಮೆಯಲ್ಲೇ ತಿಳಿದುಹೋಗುತ್ತದೆ. ಹದಿನೈದು ವರ್ಷ ಹಳೆಯ ಕೊಲೆಯೊಂದರ ಮೇಲೆ ಮೊಕದ್ದಮೆ ಹೂಡುವ ಕಾಲಮಿತಿ ಮುಗಿಯಲು ಇನ್ನು ಗಂಟೆಗಳಷ್ಟೇ ಉಳಿದಿವೆ. ಫೀನಿಕ್ಸ್‌ನ ಕೈಯಲ್ಲಿ ಯಾವ ಸಾಕ್ಷಿಯೂ ಇಲ್ಲ. ಆಗ ಅವನು ಒಂದು ಗಿಳಿಯನ್ನು ಕಟಕಟೆಗೆ ಕರೆಸಿ ಪಾಟೀಸವಾಲು ಮಾಡುತ್ತಾನೆ. ಈ ದೃಶ್ಯಕ್ಕೆ ನಗುವೂ ಬಂದು, ಗಿಳಿ ಏನು ಹೇಳೀತೋ ಎಂದು ಉಸಿರೂ ಬಿಗಿಹಿಡಿದರೆ ನೀವು ಈ ಸರಣಿಯವರು. ‘ಇದೆಂಥ ಮಂಗಾಟ’ ಎಂದು ಬೇಸರ ಬಂದರೆ ಮುಂದಿನ ಹತ್ತು ಆಟಗಳಲ್ಲಿ ಯಾವುದೂ ನಿಮ್ಮ ಮನಸ್ಸನ್ನು ಬದಲಿಸುವುದಿಲ್ಲ, ನಿಲ್ಲಿಸಿಬಿಡಿ.

ಮೊದಲ ಆಟದ ಐದನೇ ಮೊಕದ್ದಮೆಯ ಬಗ್ಗೆ ಒಂದು ಕಿವಿಮಾತು. ಕತೆ ನಿಜವಾಗಿ ಮುಗಿಯುವುದು ನಾಲ್ಕರಲ್ಲೇ. ಐದನೆಯದನ್ನು ನಾಲ್ಕು ವರ್ಷ ಬಿಟ್ಟು, 2005ರಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕಾಗಿ ಸೇರಿಸಲಾಯಿತು. ಬೆರಳಚ್ಚು ತೆಗೆಯುವುದು, ಒರೆಸಿದ ರಕ್ತದ ಗುರುತನ್ನು ರಾಸಾಯನಿಕ ಸಿಂಪಡಿಸಿ ಹುಡುಕುವುದು, ವಸ್ತುಗಳನ್ನು ತಿರುಗಿಸಿ ನೋಡುವುದು ಎಲ್ಲ ಅದರಲ್ಲಿವೆ. ಮೊಕದ್ದಮೆ ಚೆನ್ನಾಗಿದೆ, ಆದರೆ ಬಲು ಉದ್ದ. ಊಟ ಮುಗಿಸಿ ಕೈ ತೊಳೆದವರಿಗೆ ಇನ್ನೊಂದು ಎಲೆ ಹಾಕಿದಂತಾಗುತ್ತದೆ. ದಣಿವೆನಿಸಿದರೆ ಬದಿಗಿಟ್ಟು ಎರಡನೆಯ ಆಟಕ್ಕೆ ಹೋಗಿ. ಈ ಐದನೇ ಮೊಕದ್ದಮೆಯಲ್ಲಿ ಪರಿಚಯವಾಗುವ ಎಮಾ ಸ್ಕೈ ಎಂಬ ಹುಡುಗಿ ನಾಲ್ಕನೇ ಆಟದಲ್ಲಿ ಮತ್ತೆ ಬರುತ್ತಾಳೆ, ಅಷ್ಟರೊಳಗೆ ಮುಗಿಸಿಕೊಂಡರೆ ಸಾಕು.

ಎರಡನೆಯ ಆಟಕ್ಕೆ ಕೆಟ್ಟ ಹೆಸರು ಬಂದಿರುವುದು ಬಹುಪಾಲು ಸರ್ಕಸ್ಸಿನ ಮೊಕದ್ದಮೆಯಿಂದ. ಆ ಹೆಸರು ಸುಮ್ಮನೆ ಬಂದದ್ದಲ್ಲ. ವಿದೂಷಕನ ಹಾಸ್ಯ ಹಾಸ್ಯವಾಗಿಲ್ಲ, ಮಾತನಾಡುವ ಗೊಂಬೆಯ ಜತೆ ನಡೆಯುವ ವಾದ ತಲೆನೋವು ತರಿಸುತ್ತದೆ. ಇಲ್ಲಿ ಪರಿಹಾರದ ಸುಳಿವುಗಳನ್ನು ನೋಡಿಕೊಂಡು ಬೇಗ ದಾಟಿದರೂ ನಾನು ತಪ್ಪೆನ್ನುವುದಿಲ್ಲ. ಆದರೆ ಅದರ ಬೆನ್ನಿಗೇ ಬರುವ ಕೊನೆಯ ಮೊಕದ್ದಮೆ ಇಡೀ ಸರಣಿಯ ಬೆನ್ನೆಲುಬು. ಅಲ್ಲಿಯವರೆಗೆ ಕಕ್ಷಿದಾರನನ್ನು ನಂಬುವುದೇ ವಕೀಲನ ಧರ್ಮ ಎನ್ನುತ್ತಿದ್ದ ಆಟ, ಆ ನಂಬಿಕೆಯನ್ನೇ ಕಟಕಟೆಗೆ ಹತ್ತಿಸುತ್ತದೆ. ಅದಕ್ಕಿಂತ ಹೆಚ್ಚು ಹೇಳಿದರೆ ನಿಮಗೆ ದ್ರೋಹ ಮಾಡಿದಂತೆ.

ಮೂರನೆಯದರಲ್ಲಿ ತಕುಮಿ ತಾನು ಎರಡು ಆಟಗಳಲ್ಲಿ ಬಿಡಿಬಿಡಿಯಾಗಿ ಇಟ್ಟ ಎಳೆಗಳನ್ನೆಲ್ಲ ಒಂದೇ ಗಂಟಿಗೆ ತಂದಿದ್ದಾರೆ. ಫೀನಿಕ್ಸ್‌ಗೆ ಕಸುಬು ಕಲಿಸಿದ ಮೀಯಾ ಫೇ ಹೊಸ ವಕೀಲೆಯಾಗಿದ್ದ ದಿನಗಳಿಗೆ ಕತೆ ಹಿಂದೆ ಸರಿಯುತ್ತದೆ. ಫೀನಿಕ್ಸ್‌ನ ಎದುರು ಪಕ್ಷದಲ್ಲಿ ಮುಖವಾಡ ತೊಟ್ಟ ಗೊಡೊ ಎಂಬ ಸರ್ಕಾರಿ ವಕೀಲ ನಿಂತಿರುತ್ತಾನೆ. ಒಂದು ವಿಚಾರಣೆಯಲ್ಲಿ 17 ಕಪ್‌ಗಿಂತ ಹೆಚ್ಚು ಕಾಫಿ ಕುಡಿಯುವುದಿಲ್ಲ ಎಂಬುದು ಅವನ ನೇಮ. ಈ ಮನುಷ್ಯನಿಗೆ ಫೀನಿಕ್ಸ್‌ನ ಮೇಲೆ ಇಷ್ಟು ಹಗೆ ಏಕೆ ಎಂಬ ಒಂದೇ ಪ್ರಶ್ನೆ ಆಟವನ್ನು ಕೊನೆಯವರೆಗೂ ಎಳೆದೊಯ್ಯುತ್ತದೆ.

ಮೂರು ಮುಗಿದ ಮೇಲೆ ದಾರಿ ಕವಲೊಡೆಯುತ್ತದೆ.

ಒಗಟಿನ ಹೆಣಿಗೆ ಮತ್ತು ಬರವಣಿಗೆ ನಿಮಗೆ ಮುಖ್ಯವಾಗಿದ್ದರೆ ನೇರವಾಗಿ ‘ದ ಗ್ರೇಟ್ ಏಸ್ ಅಟಾರ್ನಿ ಕ್ರಾನಿಕಲ್ಸ್’ಗೆ ಹೋಗಿ. ಇದರ ಎರಡು ಆಟಗಳು ಜಪಾನಿನಲ್ಲಿ 2015 ಮತ್ತು 2017ರಲ್ಲಿ ಬಂದವು. ಅಧಿಕೃತ ಇಂಗ್ಲಿಷ್ ರೂಪ ಸಿಕ್ಕಿದ್ದು 2021ರಲ್ಲಿ. ತಕುಮಿಯೇ ಮರಳಿ ಬಂದು ಬರೆದ ಕತೆ. ಮೇಯ್ಜಿ ಚಕ್ರವರ್ತಿಯ ಕಾಲದ ಜಪಾನಿನಿಂದ ಹಡಗು ಹತ್ತಿ ಲಂಡನ್ನಿಗೆ ಹೋಗುವ ರ‍್ಯೂನೊಸುಕೆ ನರುಹೊದೊ, ಫೀನಿಕ್ಸ್‌ನ ಪೂರ್ವಜ. ಅಲ್ಲಿ ಆರು ಜನರ ಜ್ಯೂರಿ ಇದೆ. ಅವರಲ್ಲೇ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ತಾಳೆ ಹಾಕಿ, ಅಪರಾಧಿ ಎಂದವರ ಮನಸ್ಸನ್ನು ತಿರುಗಿಸಬೇಕು. ಹರ್ಲಾಕ್ ಷೋಮ್ಸ್ ಎಂಬ ಪ್ರಖ್ಯಾತ ಪತ್ತೇದಾರನೂ ಇದ್ದಾನೆ. ಹೆಸರನ್ನು ಹೀಗೆ ತಿರುಚಿದ್ದು ಏಕೆಂದು ಬಿಡಿಸಿ ಹೇಳಬೇಕಿಲ್ಲ. ಅವನು ಮಿಂಚಿನಂತೆ ತರ್ಕಿಸಿ ಮಿಂಚಿನಂತೆಯೇ ತಪ್ಪುತ್ತಾನೆ. ಅವನ ತರ್ಕದ ತಪ್ಪಿದ ಕೊಂಡಿಗಳನ್ನು ಒಂದೊಂದಾಗಿ ಸರಿಪಡಿಸುವುದು ನಿಮ್ಮ ಕೆಲಸ. ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಭಾಗ. ಲಂಡನ್ನಿನಲ್ಲಿ ದಿಕ್ಕುತೋಚದೆ ಬದುಕುತ್ತಿರುವ ಸಾಹಿತಿ ನತ್ಸುಮೆ ಸೊಸೆಕಿಯೂ ಎರಡು ಮೊಕದ್ದಮೆಗಳಲ್ಲಿ ಆರೋಪಿಯಾಗಿ ನಿಲ್ಲುತ್ತಾರೆ. ಅವರು 1900ರಿಂದ 1902ರವರೆಗೆ ನಿಜವಾಗಿಯೂ ಲಂಡನ್ನಿನಲ್ಲಿದ್ದರು.

ಈ ಜೋಡಿಯನ್ನು ಆಡಲು ಹಿಂದಿನ ಕತೆ ಗೊತ್ತಿರಬೇಕಾಗಿಲ್ಲ. ಆದ್ದರಿಂದ ಮೊದಲ ಮೂರನ್ನು ಬಿಟ್ಟು ಬೇರೆ ಬಾಗಿಲಿನಿಂದ ಒಳಗೆ ಬರಲೇಬೇಕು ಎನ್ನುವವರಿಗೆ ಇದೊಂದೇ ಬಾಗಿಲು. ಎರಡು ಎಚ್ಚರಿಕೆ ಮಾತ್ರ. ಮೊದಲ ಭಾಗ ಬಹಳಷ್ಟು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಂಡೇ ಮುಗಿಯುತ್ತದೆ, ಅಲ್ಲಿ ನಿಲ್ಲಿಸಿದರೆ ಅರ್ಧ ಪುಸ್ತಕ ಓದಿದಂತೆ. ನಡಿಗೆಯೂ ನಿಧಾನ, ವಿಕ್ಟೋರಿಯನ್ ಇಂಗ್ಲಿಷಿನ ಉದ್ದುದ್ದ ಸಂಭಾಷಣೆಗಳನ್ನು ತಾಳ್ಮೆಯಿಂದ ಓದಬೇಕು. ಸರಣಿಯ ಯಾವ ಆಟವೂ ಕನ್ನಡದಲ್ಲಿ ಇಲ್ಲವಾದ್ದರಿಂದ, ಇಂಗ್ಲಿಷ್ ಓದುವುದು ತ್ರಾಸ ಎನಿಸುವವರು ಮೊದಲ ಮೂರರಿಂದಲೇ ಆರಂಭಿಸುವುದು ಮೇಲು. ಅಲ್ಲಿನ ಭಾಷೆ ಆಡುಮಾತಿಗೆ ಹತ್ತಿರ.

ಒಗಟಿಗಿಂತ ಮೈಲ್ಸ್ ಎಜ್‌ವರ್ತ್ ಎಂಬ ಆ ಬಿಗುಮಾನದ ಸರ್ಕಾರಿ ವಕೀಲನೇ ನಿಮ್ಮನ್ನು ಹಿಡಿದಿಟ್ಟಿದ್ದರೆ, ಅವನೇ ನಾಯಕನಾಗಿರುವ ಎರಡು ‘ಇನ್ವೆಸ್ಟಿಗೇಷನ್ಸ್’ ಆಟಗಳಿವೆ. ಕೋರ್ಟಿನ ಬದಲು ಕೊಲೆ ನಡೆದ ಜಾಗದಲ್ಲೇ ಓಡಾಡಿ, ಅಲ್ಲೇ ವಾದಿಸಿ ಮುಗಿಸಬೇಕು. ಮೊದಲನೆಯದು ಸಾಧಾರಣ, ಅದರ ಕೊನೆಯ ಖಳ ಸೋಲೊಪ್ಪಿಕೊಳ್ಳಲು ತೆಗೆದುಕೊಳ್ಳುವ ಸಮಯದಲ್ಲಿ ಇನ್ನೊಂದು ಮೊಕದ್ದಮೆಯನ್ನೇ ಮುಗಿಸಬಹುದು. ಎರಡನೆಯದು ಬೇರೆಯೇ ಎತ್ತರದ್ದು. 2011ರಲ್ಲಿ ಜಪಾನಿನಲ್ಲಿ ಬಂದ ಆ ಆಟ ಇಂಗ್ಲಿಷಿಗೆ ಬರಲು 13 ವರ್ಷ ಹಿಡಿಯಿತು. ಅಷ್ಟರಲ್ಲಿ ಅಭಿಮಾನಿಗಳೇ ಕುಳಿತು ಅನುವಾದಿಸಿಕೊಂಡು ಆಡಿದ್ದರು. 2024ರ ಸಂಕಲನದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಎದುರಾಳಿಯ ಮನಸ್ಸನ್ನು ಚದುರಂಗದ ಹಲಗೆಯಂತೆ ಕಂಡು, ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ಲೆಕ್ಕ ಹಾಕಿ ಬಾಯಿ ಬಿಡಿಸುವ ಭಾಗ ಅದರಲ್ಲಿದೆ. ಎಜ್‌ವರ್ತ್‌ನಂಥವನಿಗೆ ಹೇಳಿ ಮಾಡಿಸಿದ ಆಟ. ಮೊದಲನೆಯದನ್ನು ಸಹಿಸಿಕೊಂಡಾದರೂ ಇಲ್ಲಿಗೆ ಬನ್ನಿ.

ಇನ್ನು ನಾಲ್ಕು, ಐದು, ಆರನೇ ಆಟಗಳಿರುವ ‘ಅಪೊಲೊ ಜಸ್ಟಿಸ್’ ಸಂಕಲನ, ಅದೂ 2024ರದ್ದೇ. ಸಮಯದ ಅಭಾವ ಇರುವವರು ಬಿಡಬಹುದಾದ ಗೊಂಚಲು ಇದ್ದರೆ ಅದು ಇದು, ಎಂದು ಹೇಳುವಾಗ ನನಗೆ ಸ್ವಲ್ಪ ಸಂಕಟವಾಗುತ್ತದೆ. 2007ರ ನಾಲ್ಕನೇ ಆಟ ಧೈರ್ಯದ ಕೆಲಸ. ಏಳು ವರ್ಷಗಳ ನಂತರದ ಕತೆ, ಅಪೊಲೊ ಎಂಬ ಹೊಸ ವಕೀಲ, ಗುರುತೇ ಸಿಗದಷ್ಟು ಬದಲಾದ ಫೀನಿಕ್ಸ್. ಸಾಮಾನ್ಯ ನಾಗರಿಕರು ತೀರ್ಪಿನಲ್ಲಿ ಪಾಲ್ಗೊಳ್ಳುವ ಪದ್ಧತಿ ಜಪಾನಿನಲ್ಲಿ 2009ರಲ್ಲಿ ಜಾರಿಗೆ ಬಂತು. ಅದಕ್ಕೂ ಎರಡು ವರ್ಷ ಮೊದಲೇ ಈ ಆಟ ಆ ವಿಚಾರವನ್ನು ಕೈಗೆತ್ತಿಕೊಂಡಿತ್ತು. ಆದರೆ ಇಲ್ಲಿ ತೆರೆದಿಟ್ಟ ಬಾಗಿಲುಗಳಲ್ಲಿ ಹಲವನ್ನು ಮುಂದಿನ ಆಟಗಳು ನೋಡದಂತೆ ದಾಟಿಹೋಗುತ್ತವೆ. ತಕುಮಿಯ ಕೈಯಿಂದ ಸರಣಿ ಬೇರೆಯವರ ಕೈಗೆ ಹೋಗಿತ್ತು. ಐದನೆಯದರಲ್ಲಿ ಕೈಕೋಳ ತೊಟ್ಟ ಕೈದಿಯೇ ಸರ್ಕಾರಿ ವಕೀಲ. ಹೆಚ್ಚುವರಿ ಮೊಕದ್ದಮೆಯೊಂದರಲ್ಲಿ ನಿಮ್ಮ ಕಕ್ಷಿದಾರ ಒಂದು ಓರ್ಕಾ ತಿಮಿಂಗಿಲ. ಆರನೆಯದರ ಖುರಾಯಿನ್ ರಾಜ್ಯದಲ್ಲಿ ಆರೋಪಿಗೆ ಬೀಳುವ ಶಿಕ್ಷೆಯೇ ಅವನ ವಕೀಲನಿಗೂ ಬೀಳುತ್ತದೆ. ಸತ್ತವರ ಕೊನೆಯ ಕ್ಷಣಗಳ ನೆನಪು ನೀರಿನಲ್ಲಿ ಮೂಡುತ್ತದೆ, ಅದನ್ನು ರಾಜಕುಮಾರಿ ಹೇಳುವ ಅರ್ಥದೊಂದಿಗೆ ಹೋಲಿಸಿ ತಪ್ಪು ಹುಡುಕಬೇಕು. ಬಿಡಿಬಿಡಿಯಾಗಿ ನೋಡಿದರೆ ಸೊಗಸಾದ ಕಲ್ಪನೆಗಳು. ಮೂರನ್ನೂ ಒಟ್ಟಿಗೆ ಹಿಡಿದರೆ, ಮೊದಲ ಮೂರಕ್ಕಿದ್ದ ಬಿಗಿ ಇಲ್ಲ. ಫೀನಿಕ್ಸ್‌ನ ಮುಂದಿನ ಬದುಕು ಏನಾಯಿತೆಂದು ತಿಳಿಯದೆ ನಿದ್ದೆ ಬಾರದವರು ಮಾತ್ರ ಆಡಲಿ, ಆಡುವುದಾದರೆ ಅನುಕ್ರಮ ತಪ್ಪಿಸದೆ ಆಡಲಿ.

ಎಲ್ಲಾದರೂ ಸಿಕ್ಕಿಕೊಂಡರೆ ನಾಚಿಕೆಪಡಬೇಡಿ. ತಪ್ಪು ಪುರಾವೆ ತೋರಿಸಿದಾಗಲೆಲ್ಲ ದಂಡ ಬೀಳುತ್ತದೆ, ಆದ್ದರಿಂದ ಸಂದೇಹ ಬಂದಲ್ಲಿ ಮೊದಲು ಆಟವನ್ನು ಉಳಿಸಿಕೊಳ್ಳಿ. ಕೆಲವೊಮ್ಮೆ ಉತ್ತರ ನಿಮಗೆ ಗೊತ್ತಿದ್ದರೂ ಆಟ ಕೇಳುತ್ತಿರುವುದು ಯಾವ ವಾಕ್ಯಕ್ಕೆ ಯಾವ ಕಾಗದ ಎಂಬುದು ಹೊಳೆಯುವುದಿಲ್ಲ. ಅದು ನಿಮ್ಮ ಬುದ್ಧಿಯ ದೋಷವಲ್ಲ. ಕ್ರಾನಿಕಲ್ಸ್ ಮತ್ತು ಅಪೊಲೊ ಸಂಕಲನಗಳಲ್ಲಿ ಆಟವೇ ತಾನಾಗಿ ಉತ್ತರ ಕೊಟ್ಟುಕೊಂಡು ಮುಂದೆ ಸಾಗುವ ಸೌಲಭ್ಯವೂ ಇದೆ. ಅದನ್ನು ಪೂರ್ತಿಯಾಗಿ ಬಳಸಿದರೆ ಸುಳ್ಳು ಹಿಡಿಯುವ ಸುಖವೇ ತಪ್ಪಿಹೋಗುತ್ತದೆ, ತೀರಾ ದಣಿದ ಘಟ್ಟಕ್ಕೆ ಮೀಸಲಿಡಿ.

ಲೆಕ್ಕಕ್ಕೆ ಇನ್ನೊಂದು ಉಳಿಯಿತು: ಪ್ರೊಫೆಸರ್ ಲೇಟನ್ ಎಂಬ ಇನ್ನೊಂದು ಸರಣಿಯ ನಾಯಕನೊಡನೆ ಫೀನಿಕ್ಸ್ ಕೂಡಿಕೊಳ್ಳುವ 2012ರ ಆಟ. ಮಾಟಗಾತಿಯರ ವಿಚಾರಣೆ ನಡೆಯುವ ಊರು, ಒಟ್ಟಿಗೇ ಹಲವು ಸಾಕ್ಷಿಗಳು ನಿಂತು ಗದ್ದಲ ಎಬ್ಬಿಸುವ ಕಟಕಟೆ. ಇದು ಯಾವ ಸಂಕಲನದಲ್ಲೂ ಸೇರಿಲ್ಲ, ನಿಂಟೆಂಡೊ 3ಡಿಎಸ್ ಯಂತ್ರದಲ್ಲೇ ಉಳಿದಿದೆ, ಆ ಯಂತ್ರದ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಮುಖ್ಯ ಕತೆಗೆ ಇದರ ಹಂಗಿಲ್ಲ. ಯಾರ ಬಳಿಯಾದರೂ ಹಳೆಯ ಯಂತ್ರವೂ ಕಾರ್ಟ್ರಿಜ್ಜೂ ಇದ್ದರೆ ಎರವಲು ಕೇಳಿ ಆಡಿ, ಅದಕ್ಕಾಗಿಯೇ ಹುಡುಕಿಕೊಂಡು ಹೋಗಬೇಡಿ.