ಮೊಣಗಂಟಿನ ಚಿಪ್ಪಿನ ಕೆಳಗೆ ಒಂದು ಕಪ್ಪು ಕಲೆ

ನಮ್ಮ ಅಕ್ಕನ ಮಗ ತೆಂಕುತಿಟ್ಟಿನ ಯಕ್ಷಗಾನ ಕಲೀತಾ ಇದ್ದಾನೆ, 19 ವರ್ಷ, ದಿಗಿಣ, ಅಂದ್ರೆ ಹಾರಿ ಸುತ್ತು ತಿರುಗೋ ಕುಣಿತ, ಅಂದ್ರೆ ಪ್ರಾಣ. ಕಳೆದ ವರ್ಷ ಮೇಳಗಳ ತಿರುಗಾಟ ಶುರುವಾಗೋ ಹೊತ್ತಿಗೆ ಸರಿಯಾಗಿ ಎಡ ಮೊಣಗಂಟು ನೋವು ಅಂತ ಕೂತ. ಚಿಪ್ಪಿನ ಕೆಳಗೆ ಒಂದೇ ಜಾಗ, ಬೆರಳ ತುದಿಯಷ್ಟು, ಒತ್ತಿದ್ರೆ ಜೀವ ಹೋಗ್ತದೆ. ಮೆಟ್ಟಿಲು ಇಳಿಯುವಾಗ್ಲೇ ಕಷ್ಟ, ಹಾರಿ ಕೆಳಗೆ ಬರುವಾಗ ಕೇಳೋದೇ ಬೇಡ. ಮನೇಲಿ ಎಲ್ಲರದ್ದೂ ಒಂದೇ ಮಾತು, ನರ ಹರಿದಿರ್ಬೇಕು, ಬೇಗ ಎಂಆರ್‌ಐ ಮಾಡ್ಸಿ.

ನಾವು ಇಲ್ಲಿ ನರ ಅಂತ ಹೇಳೋದು ನಿಜವಾಗಿ ನರ ಅಲ್ಲ, ಟೆಂಡನ್, ಅಂದ್ರೆ ಮಾಂಸಖಂಡದ ಎಳೆತವನ್ನ ಎಲುಬಿಗೆ ಮುಟ್ಟಿಸೋ ಗಟ್ಟಿ ಪಟ್ಟಿ. ತೊಡೆಯ ದೊಡ್ಡ ಮಾಂಸಖಂಡ ಎಳೆದ ಶಕ್ತಿ ಚಿಪ್ಪಿಗೆ ಬಂದು, ಅಲ್ಲಿಂದ ಈ ಪಟ್ಟಿಯ ಮೂಲಕ ಕೆಳಗಿನ ಎಲುಬಿಗೆ ಹೋಗ್ತದೆ, ಹಾರಿ ಇಳಿದಾಗ ಮೈಭಾರದ ಹಲವು ಪಟ್ಟು ಎಳೆತ ಬೀಳೋದು ಇದೇ ಪಟ್ಟಿಗೆ. ಅದಕ್ಕೇ 1973ರಲ್ಲಿ ಅಮೆರಿಕದ ವೈದ್ಯರು ಇಲ್ಲಿ ಬರೋ ನೋವಿಗೆ ಜಂಪರ್ಸ್ ನೀ, ಅಂದ್ರೆ ಹಾರುವವರ ಮೊಣಗಂಟು, ಅಂತ ಹೆಸರಿಟ್ರು. 2005ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನದಲ್ಲಿ ಅಲ್ಲಿನ ಉನ್ನತ ಮಟ್ಟದ ವಾಲಿಬಾಲ್ ಆಟಗಾರರಲ್ಲಿ 100ಕ್ಕೆ ಸುಮಾರು 45 ಜನರಿಗೆ ಈ ತೊಂದರೆ ಇತ್ತು. ನಮ್ಮೂರಲ್ಲಿ ಹೊನಲು ಬೆಳಕಿನ ಪಂದ್ಯಾಟ ಆಡೋ ಹುಡುಗರನ್ನ ವಿಚಾರಿಸಿ ನೋಡಿ, ಚಿಪ್ಪಿನ ಕೆಳಗೆ ಪಟ್ಟಿ ಕಟ್ಟಿಕೊಂಡೇ ಆಡುವವರು ಎಷ್ಟು ಜನ ಇದ್ದಾರೆ ಅಂತ.

ಡಾಕ್ಟರು ಎಂಆರ್‌ಐ ಈಗ ಬೇಡ, ಮೊದಲು ಅಲ್ಟ್ರಾಸೌಂಡ್ ಅಂದ್ರು. ನಾನೂ ಒಳಗೆ ಹೋಗಿದ್ದೆ. ಮೊಣಗಂಟಿನ ಅಡಿಗೆ ಟವಲ್ ಸುತ್ತಿ ಇಟ್ಟು ಕಾಲು ಸ್ವಲ್ಪ ಮಡಚಿಸಿ, ತಣ್ಣಗಿನ ಜೆಲ್ ಹಚ್ಚಿ ಸ್ಕ್ಯಾನ್ ಮಾಡೋ ಹಿಡಿಕೆ, ಪ್ರೋಬ್, ಇಟ್ಟ ಕೂಡ್ಲೇ ಸ್ಕ್ರೀನಲ್ಲಿ ಟೆಂಡನ್ ಕಾಣ್ತು, ಶಂಕರಪುರ ಮಲ್ಲಿಗೆ ಕಟ್ಟೋ ಬಾಳೆನಾರು ಉಂಟಲ್ಲ, ಅದನ್ನ ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ ಬಿಳಿ ಎಳೆ ಎಳೆ. ಕೊಲಾಜನ್ ಅನ್ನೋ ಪ್ರೋಟೀನಿನ ಎಳೆಗಳು ಅವು. ಚಿಪ್ಪಿಗೆ ಅಂಟಿದ ಜಾಗದಲ್ಲಿ ಮಾತ್ರ, ಹಿಂಬದಿಗೆ, ಎಳೆ ಕಾಣೋದಿಲ್ಲ, ಮಸುಕು ಕಪ್ಪು. ರಕ್ತ ಹರಿಯೋದನ್ನ ಬಣ್ಣದಲ್ಲಿ ತೋರಿಸೋ ಡಾಪ್ಲರ್ ಹಾಕಿದ್ರೆ ಅದ್ರೊಳಗೆ ಕೆಂಪು ಕೆಂಪು ಚುಕ್ಕಿ, ಅಂದ್ರೆ ಇರಬಾರದ ಜಾಗದಲ್ಲಿ ಹೊಸ ರಕ್ತನಾಳ. ಆಮೇಲೆ ಡಾಕ್ಟರು ಪ್ರೋಬನ್ನ ಒಂಚೂರು ವಾಲಿಸಿ ತೋರ್ಸಿದ್ರು, ಚೆನ್ನಾಗಿದ್ದ ಎಳೆಗಳೂ ಕಪ್ಪಾಗಿ ಬಿಟ್ಟವು! ನೆಟ್ಟಗೆ ಹಿಡಿದ್ರೆ ಮತ್ತೆ ಬಿಳಿ. ಪ್ರೋಬ್ ಕಳಿಸೋ ಧ್ವನಿ ಎಳೆಗೆ ನೇರ ಬಡಿದ್ರೆ ಮಾತ್ರ ವಾಪಸ್ ಬರೋದು, ಓರೆಯಾದ್ರೆ ಬೇರೆ ಕಡೆಗೆ ಹೋಗಿ ಬಿಡ್ತದೆ. ಕೈ ಪಳಗದವರು ಸ್ಕ್ಯಾನ್ ಮಾಡಿದ್ರೆ ಇಲ್ಲದ ರೋಗ ಕಾಣ್ತದೆ ಅಂತಾಯ್ತಲ್ಲ.

ನನಗೆ ನಿಜವಾಗಿ ಆಶ್ಚರ್ಯ ಆದದ್ದು ಮತ್ತೆ. ಬಲಗಾಲನ್ನೂ ನೋಡಿದ್ರು, ಅದ್ರಲ್ಲೂ ಸಣ್ಣ ಕಪ್ಪು ಕಲೆ ಉಂಟು. ನೋವೇ ಇಲ್ಲದ ಕಾಲು! ಹಾರುವವರಲ್ಲಿ ಇದು ಮಾಮೂಲಿ ಅಂತೆ, ನೋವಿಲ್ಲದವರ ಟೆಂಡನಲ್ಲೂ ಕಲೆ ಸಿಗ್ತದೆ, ನೋವು ಹೋದ ಮೇಲೂ ಕಲೆ ಉಳೀತದೆ. ಹಾಗಾಗಿ ರಿಪೋರ್ಟಲ್ಲಿ ಬರೆದದ್ದನ್ನ ಮಾತ್ರ ಓದಿ ಹೆದರೋದು ತಪ್ಪು, ಕೈಯಲ್ಲಿ ಒತ್ತಿ ನೋಡಿ, ಒಂಟಿ ಕಾಲಲ್ಲಿ ಕುಕ್ಕರಿಸಿ ನೋಡಿ ಹೇಳೋ ಡಾಕ್ಟರ ಮಾತು ಮುಖ್ಯ. ಟೆಂಡನ್ ಬಗ್ಗೆ ಕೆಲಸ ಮಾಡುವವರು ಡೋನಟ್‌ನ ತೂತು ನೋಡ್ಬೇಡಿ, ಡೋನಟ್ ನೋಡಿ ಅಂತ ಹೇಳ್ತಾರೆ, ನಮ್ಮ ಲೆಕ್ಕದಲ್ಲಿ ಉದ್ದಿನವಡೆ ಅಂದ್ಕೊಳ್ಳಿ. ನಡುವಿನ ತೂತು ತುಂಬದಿದ್ರೂ ಸುತ್ತ ಟೆಂಡನ್ ದಪ್ಪ ಆಗಿ ಒಳ್ಳೆಯ ಎಳೆಗಳು ಸಾಕಷ್ಟು ಇರ್ತವೆ, ಬಲ ಕೊಡ್ಬೇಕಾದ್ದು ಅದಕ್ಕೆ.

ಹಾಗಾದ್ರೆ ಎಂಆರ್‌ಐ ಹೇಗೆ ನೋಡ್ತದೆ? ಅದು ರೇಡಿಯೋ ಅಲೆಯಿಂದ ಒಂದು ಪೆಟ್ಟು ಕೊಟ್ಟು, ಮೈಯೊಳಗಿನ ಹೈಡ್ರೋಜನ್, ಮುಖ್ಯವಾಗಿ ನೀರಿನದ್ದು, ವಾಪಸ್ ಕೊಡೋ ಸಿಗ್ನಲ್ ಕೇಳಿಸಿಕೊಳ್ತದೆ, ಅದನ್ನೇ ಇಲ್ಲಿ ಸದ್ದು ಅಂತೇನೆ. ಯಕ್ಷಗಾನದವರಿಗೆ ಅರ್ಥ ಆಗೋ ಹಾಗೆ ಹೇಳ್ತೇನೆ, ಚೆಂಡೆಗೆ ಹೊಡೆದ್ರೆ ಠಕ್ ಅಂತ ಮುಗೀತದೆ, ಜಾಗಟೆಗೆ ಹೊಡೆದ್ರೆ ಗುಂಯ್ ಅಂತ ತುಂಬಾ ಹೊತ್ತು ಇರ್ತದೆ. ಆರೋಗ್ಯದ ಟೆಂಡನ್ ಚೆಂಡೆ ಜಾತಿ, ಅದ್ರ ಸದ್ದು 1-2 ಮಿಲಿಸೆಕೆಂಡಲ್ಲಿ ಅಡಗ್ತದೆ. ಮಾಮೂಲಿ ಎಂಆರ್‌ಐ ಕಿವಿ ಕೊಡೋದು 10 ಮಿಲಿಸೆಕೆಂಡ್ ಆದ ಮೇಲೆ, ಅಷ್ಟರಲ್ಲಿ ಚೆಂಡೆ ಮುಗಿದಿರ್ತದೆ, ಹಾಗಾಗಿ ಒಳ್ಳೆ ಟೆಂಡನ್ ಅದ್ರಲ್ಲಿ ಕಪ್ಪು. ಎಳೆ ಕೆಟ್ಟು ನೀರು ಸೇರಿದ ಜಾಗ ಜಾಗಟೆ ಆಗ್ತದೆ, ಬೆಳ್ಳಗೆ ಕಾಣ್ತದೆ. ಅಲ್ಟ್ರಾಸೌಂಡಿಗೆ ಪೂರ್ತಿ ಉಲ್ಟಾ, ನೆನಪಿಟ್ಟುಕೊಳ್ಳಿ. ಇನ್ನೊಂದು ಮೋಸ ಉಂಟು, ಎಳೆಗಳು ಅಯಸ್ಕಾಂತದ ದಿಕ್ಕಿಗೆ ಸುಮಾರು 55 ಡಿಗ್ರಿ ಓರೆಯಾಗಿದ್ರೆ ಸರಿ ಇರೋ ಟೆಂಡನ್ನೂ ಬೆಳ್ಳಗೆ ಕಾಣಬಹುದು.

ಈಗ ಸಂಶೋಧನೆಯಲ್ಲಿ ಬಳಸ್ತಾ ಇರೋ ಅಲ್ಟ್ರಾಶಾರ್ಟ್ ಎಕೋ ಅನ್ನೋ ವಿಧಾನ ಹೊಡೆದ ಕೂಡ್ಲೇ, 0.1 ಮಿಲಿಸೆಕೆಂಡಿಗೂ ಮೊದಲೇ ಕೇಳಿಸಿಕೊಳ್ತದೆ. ಚೆಂಡೆಯ ಪೆಟ್ಟು ಎಷ್ಟು ಬೇಗ ಅಡಗಿತು ಅಂತ ಲೆಕ್ಕ ಹಾಕಿ ಟೆಂಡನ್ ಹೇಗುಂಟು ಅನ್ನೋದಕ್ಕೆ ಒಂದು ಸಂಖ್ಯೆ ಕೊಡ್ತದೆ. ಕಲೆ ಉಂಟಾ ಇಲ್ವಾ ಅನ್ನೋ ಪ್ರಶ್ನೆಗಿಂತ ಇದು ಎಷ್ಟೋ ಒಳ್ಳೇದು. ಎಲಾಸ್ಟೋಗ್ರಫಿ ಅಂತ ಇನ್ನೊಂದು, ಟೆಂಡನಲ್ಲಿ ಸಣ್ಣ ಅಲೆ ಎಬ್ಬಿಸಿ ಅದು ಎಷ್ಟು ವೇಗ ಓಡ್ತದೆ ನೋಡೋದು, ಬಿಗಿ ಇದ್ದಷ್ಟು ಜೋರು ಓಡ್ತದೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಈ ನೋವಿರೋ 76 ಆಟಗಾರರಿಗೆ 24 ವಾರ ವ್ಯಾಯಾಮ ಮಾಡಿಸಿದ್ರು, ಯಾರ ಟೆಂಡನ್ನಿನ ಬಿಗಿ ಇಳೀತೋ ಅವರಿಗೆ ಗುಣವೂ ಹೆಚ್ಚು. ಹಂತ ಹಂತವಾಗಿ ಭಾರ ಏರಿಸಿದವರಿಗೆ ಹಳೇ ಕ್ರಮದ, ನೋವಾದ್ರೂ ಮಾಡು ಅನ್ನೋ ವ್ಯಾಯಾಮಕ್ಕಿಂತ ಒಳ್ಳೇದಾಯ್ತು.

ಆದ್ರೆ ಠಪ್ ಅಂತ ಸದ್ದಾಗಿ, ಚಿಪ್ಪು ಮೇಲೆ ಸರಿದು, ಕಾಲು ನೇರ ಎತ್ತಲಿಕ್ಕೇ ಆಗದಿದ್ರೆ ಅದು ಪೂರ್ತಿ ಹರಿದದ್ದು, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ತಡ ಮಾಡಿದಷ್ಟು ಹೊಲಿಯೋದು ಕಷ್ಟ. ಬ್ರೆಜಿಲಿನ ಫುಟ್ಬಾಲ್ ಆಟಗಾರ ರೊನಾಲ್ಡೊಗೆ 2000ದ ಏಪ್ರಿಲಲ್ಲಿ ರೋಮ್‌ನ ಮೈದಾನದಲ್ಲೇ ಹೀಗಾಯ್ತು, ಇದೇ ಟೆಂಡನ್. 2002ರ ವಿಶ್ವಕಪ್ಪಲ್ಲಿ ಅದೇ ಕಾಲಲ್ಲಿ ಓಡಿ 8 ಗೋಲು ಹೊಡೆದ.

ನಮ್ಮವನಿಗೆ ಎಂಆರ್‌ಐ ಬೇಕಾಗ್ಲೇ ಇಲ್ಲ. ಮೊದಲು ಗೋಡೆಗೆ ಒರಗಿ ಕುರ್ಚಿ ಹಾಗೆ ಕೂರೋದು, ಮತ್ತೆ ಜಿಮ್ಮಲ್ಲಿ ನಿಧಾನ ಭಾರ ಎತ್ತೋದು, ನೋವು 10ರಲ್ಲಿ 3 ದಾಟಬಾರದು ಅಂತ ಒಂದು ನೋಟ್‌ಬುಕ್ಕಲ್ಲಿ ದಿನಾ ಬರೆದಿಟ್ಟ. ಆರು ತಿಂಗಳು ಕಳೆದು ಅದೇ ಕೋಣೆ, ಅದೇ ಟವಲ್, ಮತ್ತೆ ಸ್ಕ್ಯಾನ್. ಕೆಂಪು ಚುಕ್ಕಿ ಕಡಿಮೆ ಆಗಿದೆ, ಕಪ್ಪು ಕಲೆ ಇದ್ದ ಹಾಗೇ ಉಂಟು. ಮೇಳಗಳ ತಿರುಗಾಟ ಮುಗಿಯೋ ಪತ್ತನಾಜೆಗೆ ಇನ್ನು ನಾಲ್ಕು ದಿನ ಇರುವಾಗ ಒಂದು ಆಟದಲ್ಲಿ ಸಣ್ಣ ವೇಷ ಸಿಕ್ಕಿತು, ಎಂಟು ದಿಗಿಣ ಹಾಕಿದ, ನಾನು ಪ್ರತಿ ಸಲ ಅವನು ನೆಲ ಮುಟ್ಟುವಾಗ ಮುಖ ಹಿಂಡ್ತಾನಾ ಅಂತ ನೋಡ್ತಾ ಕೂತಿದ್ದೆ, ಹಿಂಡ್ಲಿಲ್ಲ.