ಟೈಮರ್ ಮುಗಿದರೂ ಇನ್‌ಪುಟ್ ಯಾಕೆ ನಿಲ್ಲುವುದಿಲ್ಲ?

"ಸರ್, ಪೈಥಾನ್ ಕ್ವಿಜ್ ಪ್ರೋಗ್ರಾಂನಲ್ಲಿ ಉತ್ತರಕ್ಕೆ ಕೊಟ್ಟ 10 ಸೆಕೆಂಡ್ ಮುಗಿದರೂ ಅದು ಮುಂದಕ್ಕೇ ಹೋಗ್ತಿಲ್ಲ" ಅಂತ ಕೋಡ್ ಕಳಿಸುವವರು ಯಾವಾಗಲೂ ಇರುತ್ತಾರೆ. ತೆಗೆದು ನೋಡಿದರೆ ಹೆಚ್ಚಾಗಿ ಅದೇ ಕಥೆ. ಒಂದು ಥ್ರೆಡ್‌ನಲ್ಲಿ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಕೌಂಟ್‌ಡೌನ್, ಮುಖ್ಯ ಥ್ರೆಡ್‌ನಲ್ಲಿ ಇನ್‌ಪುಟ್.

ದಯವಿಟ್ಟು ಇದೊಂದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಪೈಥಾನಿನ ಇನ್‌ಪುಟ್, ಅಂದರೆ ಕೀಬೋರ್ಡಿನಿಂದ ಉತ್ತರ ಓದುವ ಫಂಕ್ಷನ್, ಎಂಟರ್ ಒತ್ತುವವರೆಗೆ ವಾಪಸ್ ಬರುವುದಿಲ್ಲ. ಪಕ್ಕದ ಥ್ರೆಡ್ ಎಷ್ಟೇ ಎಣಿಸಲಿ, ಯಾವ ಫ್ಲ್ಯಾಗನ್ನೇ ಬದಲಿಸಲಿ, ಇನ್‌ಪುಟ್ ಸಾಲಿನಲ್ಲಿ ನಿಂತಿರುವ ಥ್ರೆಡ್ ಅದನ್ನು ತಿರುಗಿಯೂ ನೋಡುವುದಿಲ್ಲ. ಹಾಗಾದರೆ ಇನ್‌ಪುಟ್ಟನ್ನೇ ಬೇರೆ ಥ್ರೆಡ್‌ಗೆ ಹಾಕಿ, ಆ ಥ್ರೆಡ್ ಮುಗಿಯುವುದನ್ನು ಕಾಯುವ ಜಾಯಿನ್‌ಗೆ ಟೈಮ್‌ಔಟ್ (ಕಾಯುವ ಗರಿಷ್ಠ ಸಮಯ) ಕೊಟ್ಟರೆ? ಮುಖ್ಯ ಥ್ರೆಡ್ ಮುಂದೆ ಹೋಗುತ್ತದೆ ನಿಜ. ಆದರೆ ಹಳೆಯ ಇನ್‌ಪುಟ್ ಅಲ್ಲೇ ಕಾದು ಕೂತಿರುತ್ತದೆ, ಎರಡನೇ ಪ್ರಶ್ನೆಗೆ ನೀವು ಟೈಪ್ ಮಾಡಿದ ಉತ್ತರವನ್ನು ಸಾಮಾನ್ಯವಾಗಿ ಅದೇ ನುಂಗಿಬಿಡುತ್ತದೆ. ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವ ಅಸಿಂಕ್‌ಐಒ ಮಾಡ್ಯೂಲ್ ಬಳಸಿ ಇನ್‌ಪುಟ್ಟನ್ನು ಎಕ್ಸಿಕ್ಯೂಟರ್‌ಗೆ ಕೊಟ್ಟರೂ ಇದೇ ಗತಿ, ಅದು ಕೂಡ ಒಳಗೆ ಒಂದು ಥ್ರೆಡ್‌ನಲ್ಲೇ ಓಡಿಸುತ್ತದೆ. ಪೈಥಾನ್‌ನಲ್ಲಿ ಥ್ರೆಡ್ಡನ್ನು ಹೊರಗಿನಿಂದ ಕೊಲ್ಲುವ ನೇರ ದಾರಿ ಇಲ್ಲ.

ಹಾಗಾಗಿ ಇನ್‌ಪುಟ್ಟನ್ನು ಬಿಟ್ಟುಬಿಡಿ. ಒಂದೇ ಲೂಪ್ ಸಾಕು. ಕೀಲಿ ಬಂದಿದೆಯಾ ನೋಡು, ಉಳಿದ ಸಮಯ ಬರೆ, ಮತ್ತೆ ನೋಡು. ಲಿನಕ್ಸ್, ಮ್ಯಾಕ್‌ನಲ್ಲಿ ಟರ್ಮಿನಲ್ಲನ್ನು ಸಿಬ್ರೇಕ್ ಮೋಡ್‌ಗೆ (ಎಂಟರ್‌ಗೆ ಕಾಯದೆ ಪ್ರತಿ ಕೀಲಿಯನ್ನೂ ಕೂಡಲೇ ಕೊಡುವ ಮೋಡ್) ಹಾಕಿ, ಓದಲು ಏನಾದರೂ ಬಂದಿದೆಯಾ ಎಂದು ನೋಡುವ ಸೆಲೆಕ್ಟ್‌ಗೆ 0.1 ಸೆಕೆಂಡ್ ಟೈಮ್‌ಔಟ್ ಕೊಡಿ. ವಿಂಡೋಸ್‌ನಲ್ಲಿ ಸೆಲೆಕ್ಟ್ ಸಾಕೆಟ್‌ಗಳಿಗೆ (ನೆಟ್‌ವರ್ಕ್ ಸಂಪರ್ಕಗಳಿಗೆ) ಮಾತ್ರ, ಕೀಬೋರ್ಡಿಗೆ ಎಂಎಸ್‌ವಿಸಿಆರ್‌ಟಿ ಮಾಡ್ಯೂಲ್‌ನ ಕೆಬಿಹಿಟ್ ಇದೆ, ಕೀಲಿ ಒತ್ತಿದ್ದಾರಾ ಎಂದು ಅದು ಹೇಳುತ್ತದೆ. ಒತ್ತಿದ ಅಕ್ಷರಗಳನ್ನು ನೀವೇ ಒಂದು ಸ್ಟ್ರಿಂಗ್‌ನಲ್ಲಿ ಕೂಡಿಸಿಡಬೇಕು, ಬ್ಯಾಕ್‌ಸ್ಪೇಸ್ ಕೂಡ ನಿಮ್ಮದೇ ತಲೆನೋವು. ಸ್ವಲ್ಪ ಜಾಸ್ತಿ ಕೆಲಸ, ಒಪ್ಪುತ್ತೇನೆ. ಆದರೆ "ಉಳಿದದ್ದು 7" ಅನ್ನುವುದರ ಪಕ್ಕದಲ್ಲೇ ಅರ್ಧ ಬರೆದ ಉತ್ತರವನ್ನೂ ಪ್ರತಿ ಸಲ ಸೇರಿಸಿ ಬರೆಯಬಹುದು, ಥ್ರೆಡ್ ವಿಧಾನದಲ್ಲಿ ಟೈಮರ್ ಬಂದು ಆ ಅಕ್ಷರಗಳ ಮೇಲೇ ಕೂರುತ್ತದೆ ಅಲ್ವಾ?

ಬರೆದದ್ದು ಕೂಡಲೇ ಪರದೆಗೆ ಬರುವಂತೆ ಪ್ರಿಂಟ್‌ಗೆ ಫ್ಲಶ್ ಹಾಕುವುದನ್ನು ಮರೆಯಬೇಡಿ. ಒಂದೊಂದು ಸೆಕೆಂಡ್ ಕಳೆಯುತ್ತಾ ಹೋಗುವ ಬದಲು ಮೊನೊಟಾನಿಕ್ ಗಡಿಯಾರದಲ್ಲಿ (ಎಂದೂ ಹಿಂದಕ್ಕೆ ಹೋಗದ ಗಡಿಯಾರ) ಮುಗಿಯುವ ಹೊತ್ತನ್ನು ಮೊದಲೇ ಗುರುತು ಮಾಡಿಟ್ಟು, ಉಳಿದದ್ದನ್ನು ಅದರಿಂದ ಲೆಕ್ಕ ಹಾಕಿ. ಇನ್ನು ಸಿಬ್ರೇಕ್ ಹಾಕಿದವರು ಟರ್ಮಿನಲ್‌ನ ಹಳೆಯ ಸೆಟ್ಟಿಂಗನ್ನು ಫೈನಲಿ ಬ್ಲಾಕ್‌ನಲ್ಲೇ (ದೋಷ ಬಂದರೂ ಕೊನೆಗೆ ಓಡುವ ಭಾಗ) ವಾಪಸ್ ಕೊಡಿ. ಇಲ್ಲದಿದ್ದರೆ ಪ್ರೋಗ್ರಾಂ ಮಧ್ಯದಲ್ಲಿ ಬಿದ್ದಾಗ, ಆಮೇಲೆ ಟೈಪ್ ಮಾಡಿದ್ದು ಕಾಣದೇ ಹೋಗಬಹುದು. ಹಾಗೇನಾದರೂ ಆದರೆ ಗಾಬರಿ ಬೇಡ, ಕಾಣದಿದ್ದರೂ ಪರವಾಗಿಲ್ಲ, ರೀಸೆಟ್ (reset) ಅಂತ ಟೈಪ್ ಮಾಡಿ ಎಂಟರ್ ಒತ್ತಿ.